ಕಸಿಗೆ ಮೊದಲು ಕಾಯಿಲೆಯ ಹೆಸರು

ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ವಿಜಯಪುರ, ಬೆಳಗಾವಿ ಕಡೆಯ ಬಸ್ಸುಗಳಿಂದ ಇಳಿಯುವವರಲ್ಲಿ ಕೆಲಸ ಹುಡುಕಿಕೊಂಡು ಬಂದವರಿರುತ್ತಾರೆ, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದವರಿರುತ್ತಾರೆ. ರಕ್ತ ಪರೀಕ್ಷೆಯ ವರದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಹಿಡಿದುಕೊಂಡವರೂ ಇರುತ್ತಾರೆ. ಉತ್ತರ ಕರ್ನಾಟಕದ ಮಂದಿಗೆ ಮಿರಜ್, ಸೊಲ್ಲಾಪುರಗಳು ತಲೆಮಾರುಗಳಿಂದ ದವಾಖಾನೆಯ ಊರುಗಳು. ಅಲ್ಲಿಯೂ ‘ಇದು ಇಲ್ಲಿ ಆಗುವುದಲ್ಲ, ದೊಡ್ಡ ಊರಿಗೆ ಹೋಗಿ’ ಎಂದರೆ ಮುಂದಿನ ದಾರಿ ಪುಣೆ, ಇಲ್ಲವೇ ಮುಂಬೈ.

ಹಾಗೆ ಬರುವ ಕೆಲವು ಮಕ್ಕಳ ಫೈಲಿನ ಮೇಲೆ ‘ಅಪ್ಲಾಸ್ಟಿಕ್ ಅನೀಮಿಯಾ’ ಎಂದು ಬರೆದಿರುತ್ತದೆ. ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸುತ್ತಿದೆ ಎಂಬುದಷ್ಟೇ ಅದರ ಅರ್ಥ. ಏಕೆ ನಿಲ್ಲಿಸುತ್ತಿದೆ ಎಂಬುದನ್ನು ಆ ಎರಡು ಪದಗಳು ಹೇಳುವುದಿಲ್ಲ. ಅಷ್ಟರಲ್ಲಿ ಮಗುವಿನ ಫೋಟೊ, ಬ್ಯಾಂಕ್ ಖಾತೆಯ ಸಂಖ್ಯೆ, ‘ಬೋನ್ ಮ್ಯಾರೋ ಕಸಿಗೆ ಲಕ್ಷಗಟ್ಟಲೆ ಹಣ ಬೇಕು’ ಎಂಬ ವಿನಂತಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಲು ಶುರುವಾಗುತ್ತದೆ. ಗೊತ್ತಿಲ್ಲದವರೂ ಕೈಲಾದಷ್ಟು ಕೊಡುತ್ತಾರೆ. ಆ ಔದಾರ್ಯ ದೊಡ್ಡದು. ಆದರೆ ಇಂಥ ವಿನಂತಿಗಳಲ್ಲಿ ಅನೇಕ ಸಲ ಕಾಣದೇ ಇರುವುದು ಕಾಯಿಲೆಯ ನಿಜವಾದ ಹೆಸರು.

ಹುಟ್ಟಿನಿಂದ ಬರುವ ಮಜ್ಜೆಯ ಕಾಯಿಲೆಗಳಲ್ಲಿ ಹಣಕ್ಕಿಂತ, ದಾನಿಗಿಂತ ಮೊದಲು ಸಿಗಬೇಕಾದದ್ದು ಈ ಹೆಸರು. ಅದು ಗೊತ್ತಿಲ್ಲದೆ ಮಾಡಿದ ಕಸಿ, ಕಸಿ ಮಾಡದೇ ಇರುವುದಕ್ಕಿಂತ ಬೇಗ ಮಗುವಿನ ಜೀವ ತೆಗೆಯಬಹುದು. ಇಷ್ಟಾದರೂ ಸರ್ಕಾರದ ಯೋಜನೆಗಳು, ದಾನಿಗಳ ಅನುಕಂಪ, ಕುಟುಂಬದ ಚಿಂತೆ ಎಲ್ಲವೂ ಕಸಿಯ ಸುತ್ತಲೇ ತಿರುಗುತ್ತವೆ. ಪರೀಕ್ಷೆಯ ಮಾತು ಬರುವುದು ಕೊನೆಗೆ.

ಒಂದೇ ಲಕ್ಷಣ, ಬೇರೆ ಬೇರೆ ಕಾಯಿಲೆ

ಮಜ್ಜೆಯಲ್ಲಿರುವ ಆಕರಕೋಶಗಳು, ಅಂದರೆ ಆಸ್ಪತ್ರೆಗಳಲ್ಲಿ ಸ್ಟೆಮ್ ಸೆಲ್ ಎಂದು ಕರೆಯುವ ಕೋಶಗಳು, ಜೀವನಪೂರ್ತಿ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್‌ಗಳನ್ನು ಮಾಡುತ್ತಲೇ ಇರುತ್ತವೆ. ಅವು ಸೋತರೆ ಮಗು ಬಿಳುಚಿಕೊಳ್ಳುತ್ತದೆ, ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿ ಕಲೆ ಬೀಳುತ್ತದೆ, ಜ್ವರ ಬಿಟ್ಟೂಬಿಡದೆ ಕಾಡುತ್ತದೆ. ಕೆಲವು ಮಕ್ಕಳಲ್ಲಿ ಇದು ನಂತರ ಬಂದ ತೊಂದರೆ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಮಜ್ಜೆಯ ಮೇಲೆ ದಾಳಿ ಮಾಡಿರುತ್ತದೆ. ಇನ್ನು ಕೆಲವರಲ್ಲಿ ದೋಷ ಹುಟ್ಟಿನಿಂದಲೇ ವಂಶವಾಹಿಯಲ್ಲಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಹುಟ್ಟಿನ ಕಾಯಿಲೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಫ್ಯಾಂಕೋನಿ ಅನೀಮಿಯಾ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗಿಡೊ ಫ್ಯಾಂಕೋನಿ 1927ರಲ್ಲಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಇದನ್ನು ಗುರುತಿಸಿ ಬರೆದರು. ಡಿಎನ್‌ಎಗೆ ಆದ ಹಾನಿಯನ್ನು ಸರಿಪಡಿಸುವ ವ್ಯವಸ್ಥೆಯೇ ಈ ಮಕ್ಕಳಲ್ಲಿ ಕೆಟ್ಟಿರುತ್ತದೆ. ಆ ವ್ಯವಸ್ಥೆಗೆ ಸಂಬಂಧಿಸಿದ ಇಪ್ಪತ್ತಕ್ಕೂ ಹೆಚ್ಚು ವಂಶವಾಹಿಗಳಲ್ಲಿ ಯಾವುದು ಕೆಟ್ಟರೂ ಈ ಕಾಯಿಲೆ ಬರಬಹುದು. ಮಗು ಕುಳ್ಳಗಿರಬಹುದು, ಹೆಬ್ಬೆರಳು ಸರಿಯಾಗಿ ಬೆಳೆಯದೇ ಇರಬಹುದು, ಚರ್ಮದ ಮೇಲೆ ಚಹಾ ಬಣ್ಣದ ಮಚ್ಚೆಗಳಿರಬಹುದು. ಈ ಯಾವ ಗುರುತೂ ಇಲ್ಲದ ಮಕ್ಕಳೂ ಇದ್ದಾರೆ. ಅವರ ವಿಷಯದಲ್ಲಿಯೇ ವೈದ್ಯರು ಮೋಸಹೋಗುವುದು.

ಇದರ ಜೊತೆಗೆ ಉಗುರು, ಚರ್ಮ, ಬಾಯಿಯೊಳಗಿನ ಬಿಳಿ ಮಚ್ಚೆಗಳಿಂದ ಗುರುತಿಸುವ ಡಿಸ್ಕೆರಟೋಸಿಸ್ ಕಂಜೆನಿಟಾ ಇದೆ. ಮೊದಲ ವರ್ಷದಲ್ಲಿಯೇ ಕೆಂಪು ಕಣಗಳು ಕುಸಿಯುವ ಡೈಮಂಡ್–ಬ್ಲ್ಯಾಕ್‌ಫ್ಯಾನ್ ಅನೀಮಿಯಾ ಇದೆ. ಮೇದೋಜೀರಕ ಗ್ರಂಥಿಯನ್ನೂ ಕಾಡುವ ಶ್ವಾಕ್‌ಮನ್–ಡೈಮಂಡ್ ಕಾಯಿಲೆ ಇದೆ. ಪ್ರತಿಯೊಂದರ ನಡೆ ಬೇರೆ, ಔಷಧ ಬೇರೆ, ಕಸಿ ಮಾಡುವ ಕ್ರಮವೂ ಬೇರೆ.

ಹೆಸರಿನಿಂದ ಆಗುವ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಫ್ಯಾಂಕೋನಿಯಲ್ಲೇ ನೋಡಬಹುದು. ಕಸಿಗೆ ಮೊದಲು ಹಳೆಯ ಮಜ್ಜೆಯನ್ನು ಔಷಧದಿಂದ, ಕೆಲವೊಮ್ಮೆ ವಿಕಿರಣದಿಂದ ಖಾಲಿ ಮಾಡಬೇಕು. ಆ ಔಷಧಗಳು ಕೆಲಸ ಮಾಡುವುದೇ ಡಿಎನ್‌ಎಯನ್ನು ಕೆಡಿಸುವ ಮೂಲಕ. ಕೆಟ್ಟದ್ದನ್ನು ರಿಪೇರಿ ಮಾಡಿಕೊಳ್ಳಲಾಗದ ಮಗುವಿಗೆ ಉಳಿದವರ ಪ್ರಮಾಣದಲ್ಲಿ ಅದನ್ನು ಕೊಟ್ಟರೆ ಕರುಳು, ಬಾಯಿ, ಶ್ವಾಸಕೋಶಗಳೆಲ್ಲ ಬೆಂದುಹೋಗುತ್ತವೆ. ಪ್ಯಾರಿಸ್‌ನ ವೈದ್ಯೆ ಎಲಿಯನ್ ಗ್ಲುಕ್‌ಮನ್ ಮತ್ತು ಅವರ ತಂಡ 1980ರ ದಶಕದ ಆರಂಭದಲ್ಲಿ ಔಷಧದ ಪ್ರಮಾಣವನ್ನು ತೀರಾ ಇಳಿಸಿದ ಮೇಲೆಯೇ ಈ ಮಕ್ಕಳು ಕಸಿಯಿಂದ ಬದುಕುಳಿಯುವುದು ಹೆಚ್ಚಾಯಿತು. ನಂತರ ಫ್ಲುಡಾರಬಿನ್ ಎಂಬ ಔಷಧ ಸೇರಿ ಫಲಿತಾಂಶ ಇನ್ನಷ್ಟು ಸುಧಾರಿಸಿತು.

ಇನ್ನೊಂದು ಕಡೆ, ನಂತರ ಬಂದ ಅಪ್ಲಾಸ್ಟಿಕ್ ಅನೀಮಿಯಾಕ್ಕೆ ಎಟಿಜಿ ಎಂಬ ದುಬಾರಿ ಚಿಕಿತ್ಸೆ ಕೊಡುವುದುಂಟು. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಆ ಚಿಕಿತ್ಸೆಯಿಂದ ಹುಟ್ಟಿನ ಕಾಯಿಲೆಗೆ ಪ್ರಯೋಜನವಿಲ್ಲ. ಕುಟುಂಬದ ದುಡ್ಡು, ಮಗುವಿನ ಸಮಯ ಎರಡೂ ಅಲ್ಲೇ ಖರ್ಚಾಗಿಹೋಗುತ್ತವೆ.

ದಾನಿಯನ್ನೂ ಪರೀಕ್ಷಿಸಬೇಕು

ಹೊಕ್ಕುಳಬಳ್ಳಿಯ ರಕ್ತದಿಂದ ಜಗತ್ತಿನಲ್ಲಿ ಮೊದಲ ಕಸಿ ನಡೆದದ್ದು 1988ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ಮಾಡಿದವರು ಗ್ಲುಕ್‌ಮನ್. ರೋಗಿ ಅಮೆರಿಕದಿಂದ ಬಂದಿದ್ದ ಐದು ವರ್ಷದ ಹುಡುಗ, ಕಾಯಿಲೆ ಫ್ಯಾಂಕೋನಿ. ರಕ್ತ ಅವನ ತಂಗಿ ಹುಟ್ಟಿದಾಗ ಸಂಗ್ರಹಿಸಿಟ್ಟದ್ದು. ದಶಕಗಳ ನಂತರವೂ ಆತ ಆರೋಗ್ಯವಾಗಿದ್ದ. ಈ ಕಥೆಯಲ್ಲಿ ಕಡಿಮೆ ಗಮನ ಸೆಳೆಯುವ ಭಾಗವೊಂದಿದೆ. ಆ ತಂಗಿ ಇನ್ನೂ ಗರ್ಭದಲ್ಲಿದ್ದಾಗಲೇ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಲಾಗಿತ್ತು: ಅವಳಿಗೆ ಅಣ್ಣನ ಕಾಯಿಲೆ ಇಲ್ಲ, ಅವಳ ಅಂಗಾಂಶ ಅಣ್ಣನಿಗೆ ಹೊಂದುತ್ತದೆ. ಪರೀಕ್ಷೆ ಮೊದಲು ನಡೆಯಿತು, ಕಸಿ ಆಮೇಲೆ.

ಲೆಕ್ಕ ಹಾಕಿದರೆ ಇದರ ಮಹತ್ವ ತಿಳಿಯುತ್ತದೆ. ಒಡಹುಟ್ಟಿದವರ ಅಂಗಾಂಶ ಪೂರ್ಣ ಹೊಂದುವ ಸಾಧ್ಯತೆ ನೂರಕ್ಕೆ 25. ತಂದೆ ತಾಯಿ ಇಬ್ಬರೂ ವಾಹಕರಾಗಿರುವ ಕಾಯಿಲೆಯಲ್ಲಿ ಒಡಹುಟ್ಟಿದವರಿಗೆ ಕಾಯಿಲೆ ಇಲ್ಲದಿರುವ ಸಾಧ್ಯತೆ ನೂರಕ್ಕೆ 75. ಎರಡೂ ಕೂಡಿಬರುವುದು ನೂರಕ್ಕೆ ಸುಮಾರು 19 ಸಲ ಮಾತ್ರ. ಅಂಗಾಂಶ ಹೊಂದಿದ ಅಣ್ಣ ತಂಗಿಯರಲ್ಲಿಯೂ ನಾಲ್ವರಲ್ಲಿ ಒಬ್ಬರು ಅದೇ ಕಾಯಿಲೆಯನ್ನು ಒಳಗೆ ಇಟ್ಟುಕೊಂಡಿರಬಹುದು, ಇನ್ನೂ ಲಕ್ಷಣ ಕಾಣದೆ. ಡಿಸ್ಕೆರಟೋಸಿಸ್, ಡೈಮಂಡ್–ಬ್ಲ್ಯಾಕ್‌ಫ್ಯಾನ್ ಕಾಯಿಲೆಗಳಲ್ಲಂತೂ ಒಂದೇ ಮನೆಯಲ್ಲಿ ಒಬ್ಬರು ತೀವ್ರವಾಗಿ ಬಳಲುತ್ತಿದ್ದರೆ ಇನ್ನೊಬ್ಬರು ಅದೇ ದೋಷ ಹೊತ್ತು ಏನೂ ಆಗದವರಂತೆ ಓಡಾಡಿಕೊಂಡಿರುವುದುಂಟು. ‘ತಂಗಿ ಗಟ್ಟಿಮುಟ್ಟಾಗಿದ್ದಾಳೆ, ಅವಳದ್ದು ಮ್ಯಾಚ್ ಆಗಿದೆ’ ಎಂಬುದು ಸಾಕಾಗದಿರುವುದು ಇದಕ್ಕೇ. ಅವಳ ಮಜ್ಜೆಯನ್ನೇ ಹಾಕಿದರೆ ಸೋಲುವ ಮಜ್ಜೆಯ ಬದಲು ನಾಳೆ ಸೋಲಲಿರುವ ಮಜ್ಜೆಯನ್ನು ಕೊಟ್ಟಂತೆ.

ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು ಅದರದ್ದೇ ಭವಿಷ್ಯಕ್ಕೆಂದು ಖಾಸಗಿ ಬ್ಯಾಂಕಿನಲ್ಲಿ ಇಡಿ ಎಂಬ ಜಾಹೀರಾತಿನ ಸತ್ಯವೂ ಇಲ್ಲೇ ಬಯಲಾಗುತ್ತದೆ. ವಂಶವಾಹಿಯ ಕಾಯಿಲೆ ಇರುವ ಮಗುವಿನ ಹೊಕ್ಕುಳಬಳ್ಳಿಯಲ್ಲೂ ಅದೇ ದೋಷ ಇರುತ್ತದೆ. ಸ್ವಂತ ಬಳಕೆಗಾಗಿ ಹಾಗೆ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ.

ಪ್ರೀತಿಯಿಂದಲೇ ಆಗುವ ಇನ್ನೊಂದು ತಪ್ಪು ರಕ್ತದಾನದ್ದು. ಮಗುವಿಗೆ ರಕ್ತ ಬೇಕೆಂದರೆ ಕಾಕಾ, ಮಾವ, ಚಿಕ್ಕಪ್ಪಂದಿರು ಸಾಲುಗಟ್ಟಿ ನಿಲ್ಲುತ್ತಾರೆ. ಮುಂದೆ ಕಸಿ ಆಗಬೇಕಾದ ಮಗುವಿಗೆ ಮನೆಯವರ ರಕ್ತವನ್ನೇ ಏರಿಸಬಾರದು. ಮಗುವಿನ ದೇಹ ಆ ರಕ್ತದ ವಿರುದ್ಧ ತಯಾರಾಗಿ, ನಂತರ ಅದೇ ಮನೆಯಿಂದ ಬರುವ ಮಜ್ಜೆಯನ್ನು ತಿರಸ್ಕರಿಸುವ ಅಪಾಯವಿದೆ. ಅವರು ರಕ್ತನಿಧಿಗೆ ಕೊಡಲಿ, ಮಗುವಿಗೆ ಬೇರೆಯವರ ರಕ್ತ ಬರಲಿ. ಈ ಮಾತನ್ನು ಮೊದಲ ದಿನವೇ ಹೇಳುವವರು ಬೇಕು.

ಕಳ್ಳುಬಳ್ಳಿಯ ಎರಡು ಮುಖ

ಈ ಕಾಯಿಲೆಗಳ ಮಾತು ಬಂದಾಗ ಸಂಬಂಧದೊಳಗಿನ ಮದುವೆಯ ಮಾತು ಬರದೇ ಇರುವುದಿಲ್ಲ. ಅದನ್ನು ಪುಣೆಯಲ್ಲಿ ಕೂತು ಚೆನ್ನಾಗಿ ಅಧ್ಯಯನ ಮಾಡಿದವರು ಇರಾವತಿ ಕರ್ವೆ. ಡೆಕ್ಕನ್ ಕಾಲೇಜಿನಲ್ಲಿದ್ದ ಅವರು 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ಬರೆದ ಗ್ರಂಥದಲ್ಲಿ ದೇಶವನ್ನು ವಲಯಗಳಾಗಿ ವಿಂಗಡಿಸಿದರು. ಮಹಾರಾಷ್ಟ್ರ ಮಧ್ಯ ವಲಯಕ್ಕೆ ಬಂತು, ಕರ್ನಾಟಕ ದಕ್ಷಿಣ ವಲಯಕ್ಕೆ. ಮಹಾರಾಷ್ಟ್ರದ ಹಲವು ಜಾತಿಗಳಲ್ಲಿ ಮಾಮನ ಮಗಳನ್ನು ತರುವುದು ಒಪ್ಪಿತ. ಕರ್ನಾಟಕದಲ್ಲಿ ಅದರ ಜೊತೆಗೆ ಅಕ್ಕನ ಮಗಳನ್ನು ಮದುವೆಯಾಗುವುದೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧದೊಳಗಿನವು.

ಸೋದರಮಾವ ಮತ್ತು ಸೊಸೆಯ ವಂಶವಾಹಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಭಾಗ ಸಮಾನ. ಸೋದರತ್ತೆಯ ಮಗ, ಮಾವನ ಮಗಳ ನಡುವೆ ಎಂಟರಲ್ಲೊಂದು. ಅಜ್ಜ ಅಜ್ಜಿಯಲ್ಲಿ ಅಡಗಿದ್ದ ಒಂದೇ ದೋಷ ಎರಡೂ ಕಡೆಯಿಂದ ಇಳಿದು ಒಂದೇ ಮಗುವಿನಲ್ಲಿ ಸೇರುವ ಸಾಧ್ಯತೆ ಹೆಚ್ಚುವುದು ಹೀಗೆ. ಹೆಚ್ಚುತ್ತದೆ ಎಂದರೆ ಆಗಿಯೇ ತೀರುತ್ತದೆ ಎಂದಲ್ಲ. ಇಂಥ ಮದುವೆಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ.

ತಪ್ಪನ್ನೆಲ್ಲ ಸೋದರಿಕೆಯ ಮೇಲೆ ಹೊರಿಸುವುದೂ ಸರಿಯಲ್ಲ. ಮುಂಬೈನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯ ವಿಜ್ಞಾನಿಗಳು ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಎಫ್‌ಎಎನ್‌ಸಿಎಲ್ ಎಂಬ ವಂಶವಾಹಿಯಲ್ಲಿನ ಒಂದು ಬದಲಾವಣೆ ದಕ್ಷಿಣ ಏಷ್ಯಾದ ಜನರಲ್ಲಿ ಒಂದೇ ಪೂರ್ವಜ ಮೂಲದಿಂದ ಹರಡಿ ಬಂದಿದೆ ಎಂದು ತೋರಿಸಿತು. ಬೇರೆ ದೇಶಗಳಲ್ಲಿ ತೀರಾ ಅಪರೂಪವಾದ ಆ ಬಗೆಯ ಫ್ಯಾಂಕೋನಿ ಭಾರತದಲ್ಲಿ ಅಷ್ಟು ಅಪರೂಪವಲ್ಲ. ಗಂಡ ಹೆಂಡತಿ ಸಂಬಂಧಿಕರಲ್ಲದಿದ್ದರೂ ಇಬ್ಬರೂ ಅದನ್ನು ಹೊತ್ತಿರಬಹುದು. ‘ನಮ್ಮದು ಹೊರಗಿನ ಸಂಬಂಧ, ಹಾಗಾಗಿ ಇದು ಹುಟ್ಟಿನ ಕಾಯಿಲೆ ಇರಲಾರದು’ ಎಂದು ಪರೀಕ್ಷೆ ಬಿಡುವಂತಿಲ್ಲ.

ಉತ್ತರ ಕರ್ನಾಟಕದಲ್ಲಿ ಕಳ್ಳುಬಳ್ಳಿ ಎಂದು ಕರೆಯುವ ಈ ರಕ್ತಸಂಬಂಧಕ್ಕೆ ಇನ್ನೊಂದು ಮುಖವೂ ಇದೆ. ಸಂಬಂಧದೊಳಗೆ ಮದುವೆಯಾದ ಮನೆಗಳಲ್ಲಿ ತಂದೆ ತಾಯಿಯರೇ ಅಂಗಾಂಶದ ಒಂದು ಭಾಗವನ್ನು ಹಂಚಿಕೊಂಡಿರಬಹುದು. ಆಗ ಒಡಹುಟ್ಟಿದವರಲ್ಲಿ ಸಿಗದ ಹೊಂದಾಣಿಕೆ ಅಪ್ಪ, ಅಮ್ಮ, ಚಿಕ್ಕಮ್ಮ, ಮಾವನ ಮಕ್ಕಳಲ್ಲಿ ಸಿಗುವುದುಂಟು. ದಾನಿಗಳ ನೋಂದಣಿಯಲ್ಲಿ ಜರ್ಮನಿಯಂಥ ದೇಶ 90 ಲಕ್ಷ ದಾಟಿದ್ದರೆ, ಭಾರತದಲ್ಲಿ ಹೆಸರು ಕೊಟ್ಟವರು ಕೆಲವೇ ಲಕ್ಷ. ಹಾಗಾಗಿ ಇಲ್ಲಿನ ಮಗುವಿಗೆ ಬಂಧುಬಳಗದ ಹುಡುಕಾಟ ದೊಡ್ಡ ಆಸರೆ. ಕಾಯಿಲೆ ತಂದ ಬಳ್ಳಿಯಲ್ಲೇ ಔಷಧವೂ ಇರಬಹುದು. ಆದರೆ ಯಾವ ಕುಡಿಯಲ್ಲಿ ಯಾವುದಿದೆ ಎಂದು ತಿಳಿಯಲು, ಮತ್ತೆ, ಪರೀಕ್ಷೆ ಬೇಕು.

ಹಣವೂ ಹೆಸರನ್ನೇ ಕೇಳುತ್ತದೆ

ಪುಣೆಯಲ್ಲಿ ಕಸಿಗೆ ಜಾಗವಿಲ್ಲ ಎಂದೇನಿಲ್ಲ. ಸಹ್ಯಾದ್ರಿ, ದೀನಾನಾಥ ಮಂಗೇಶ್ಕರ್ ಮುಂತಾದ ಆಸ್ಪತ್ರೆಗಳಲ್ಲಿ ಮಜ್ಜೆ ಕಸಿ ನಡೆಯುತ್ತದೆ. 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಆರಂಭವಾದ ಚಿಕಿತ್ಸೆ ಇಂದು ಹಲವು ನಗರಗಳನ್ನು ಮುಟ್ಟಿದೆ. ಕಷ್ಟ ಇರುವುದು ಖರ್ಚಿನಲ್ಲಿ. ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆಯಾಗಲಿ, ಆಯುಷ್ಮಾನ್ ಭಾರತವಾಗಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿಯದ್ದು. ಕಸಿಯ ಖರ್ಚು ಅದರ ಹಲವು ಪಟ್ಟು. ಥಲಸ್ಸೇಮಿಯಾ ಮಕ್ಕಳಿಗೆಂದು 2017ರಲ್ಲಿ ಶುರುವಾದ ಕೋಲ್ ಇಂಡಿಯಾದ ಯೋಜನೆ ಆಮೇಲೆ ಅಪ್ಲಾಸ್ಟಿಕ್ ಅನೀಮಿಯಾವನ್ನೂ ಸೇರಿಸಿಕೊಂಡಿತು. ಆಯ್ದ ಆಸ್ಪತ್ರೆಗಳಲ್ಲಿ ಅದು 10 ಲಕ್ಷದವರೆಗೆ ಕೊಡುತ್ತದೆ.

ಇದಕ್ಕಿಂತ ದೊಡ್ಡ ಬಾಗಿಲೊಂದಿದೆ, ಹೆಸರಿದ್ದವರಿಗೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ, ಒಮ್ಮೆ ಚಿಕಿತ್ಸೆ ಕೊಟ್ಟರೆ ಗುಣವಾಗಬಲ್ಲ ಮೊದಲ ಗುಂಪಿನ ಕಾಯಿಲೆಗಳ ಪಟ್ಟಿಯಿದೆ. ಅದರಲ್ಲಿ ಫ್ಯಾಂಕೋನಿ ಅನೀಮಿಯಾದ ಹೆಸರಿದೆ. 2022ರಲ್ಲಿ ನೆರವಿನ ಮಿತಿ 50 ಲಕ್ಷಕ್ಕೆ ಏರಿತು. ಫೈಲಿನ ಮೇಲೆ ಬರೀ ‘ಅಪ್ಲಾಸ್ಟಿಕ್ ಅನೀಮಿಯಾ’ ಎಂದಿದ್ದರೆ ಈ ಬಾಗಿಲು ತೆರೆಯುವುದಿಲ್ಲ, ಫ್ಯಾಂಕೋನಿ ಎಂದು ಖಚಿತವಾದರೆ ತೆರೆಯುತ್ತದೆ. ಕೆಲವು ಸಾವಿರ ರೂಪಾಯಿಯ ಪರೀಕ್ಷೆ 50 ಲಕ್ಷದವರೆಗಿನ ಹಕ್ಕನ್ನು ತೀರ್ಮಾನಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಣ ಕೇಳುತ್ತಿರುವ ಎಷ್ಟು ಮನೆಗಳಿಗೆ ಈ ಸಂಗತಿಯನ್ನು ಯಾರಾದರೂ ಹೇಳಿದ್ದಾರೆ?

ಪರೀಕ್ಷೆಯೇನೂ ಕೈಗೆಟುಕದ್ದಲ್ಲ. ಮಗುವಿನ ರಕ್ತದ ಕೋಶಗಳನ್ನು ಮೂರು ನಾಲ್ಕು ದಿನ ಬೆಳೆಸಿ, ಮೈಟೊಮೈಸಿನ್ ಸಿ ಎಂಬ ರಾಸಾಯನಿಕ ಹಾಕಿ, ವರ್ಣತಂತುಗಳು ಎಷ್ಟು ಮುರಿಯುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಫ್ಯಾಂಕೋನಿ ಇದ್ದರೆ ಅವು ಬೇರೆಯವರಲ್ಲಿಗಿಂತ ಬಹಳ ಹೆಚ್ಚು ಮುರಿದಿರುತ್ತವೆ. ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಈ ಕೆಲಸದಲ್ಲಿ ವರ್ಷಗಳ ಅನುಭವವುಳ್ಳದ್ದು. ಅದು ಇರುವುದು ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ, ಪುಣೆಯಿಂದ ಸುಮಾರು 150 ಕಿಲೋಮೀಟರ್ ದೂರ. ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಅದೇ ಕೆಇಎಂ ಒಂದು. ಕರ್ನಾಟಕದವರಿಗೆ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ.

ಸಮಯವಿಲ್ಲ, ಪ್ಲೇಟ್‌ಲೆಟ್ ಬೀಳುತ್ತಿದೆ ಎಂಬ ಆಕ್ಷೇಪ ಬರಬಹುದು. ಅದು ಪೊಳ್ಳಲ್ಲ. ತುರ್ತಾಗಿ ರಕ್ತ ಏರಿಸಬೇಕು, ಸೋಂಕಿಗೆ ಔಷಧ ಕೊಡಬೇಕು, ಅವಕ್ಕೆ ಯಾವ ವರದಿಯನ್ನೂ ಕಾಯಬೇಕಿಲ್ಲ. ಆದರೆ ದಾನಿಯನ್ನು ಹುಡುಕಲು, ಹಣ ಹೊಂದಿಸಲು ಹೇಗೂ ವಾರಗಳು ಹಿಡಿಯುತ್ತವೆ. ಆ ವಾರಗಳ ಮೊದಲ ದಿನವೇ ಮಗುವಿನ ರಕ್ತ ಪರೇಲ್‌ಗೆ ಹೋಗಬಹುದು. ಈಗ ಹೋಗದೇ ಇರುವುದಕ್ಕೆ ಹೆಚ್ಚಾಗಿ ಕಾರಣ ಸಮಯವಲ್ಲ, ಅದು ಯಾರ ಜವಾಬ್ದಾರಿ ಎಂದು ತೀರ್ಮಾನವಾಗದಿರುವುದು.

ಹೆಸರಿಗೆ ಹೆದರುವ ಮನೆಗಳು

ಇನ್ನೊಂದು ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಹುಟ್ಟಿನ ಕಾಯಿಲೆ’ ಎಂದು ಬರೆದುಬಿಟ್ಟರೆ ಮನೆತನಕ್ಕೇ ಹಣೆಪಟ್ಟಿ. ಹಿರಿಮಗಳ ಲಗ್ನ ಹೇಗೆ? ಪರೀಕ್ಷೆಯಲ್ಲಿ ಅವಳು ವಾಹಕಳೆಂದು ಬಂದರೆ? ಸೊಸೆಯ ತವರಿನಿಂದಲೇ ಬಂದ ರೋಗ ಎಂದು ಅತ್ತೆಮನೆ ಮಾತಾಡಿದರೆ? ಹೆಸರಿಲ್ಲದ ಕಾಯಿಲೆ ದೇವರ ಮೇಲೆ ಹಾಕಬಹುದಾದ ಕಾಯಿಲೆ. ಹೆಸರು ಬಂದ ಕೂಡಲೇ ಅದಕ್ಕೆ ಮನೆಯವರಲ್ಲೇ ಒಬ್ಬ ಅಪರಾಧಿ ಬೇಕಾಗುತ್ತಾರೆ, ಬಹುತೇಕ ಸಲ ತಾಯಿಯೇ.

ಈ ಭಯವನ್ನು ಅಜ್ಞಾನ ಎಂದು ತಳ್ಳಿಹಾಕಿದರೆ ಉಪಯೋಗವಿಲ್ಲ. ಅದಕ್ಕೆ ಉತ್ತರ ಕೊಡಬೇಕು. ಫ್ಯಾಂಕೋನಿಯ ಬಹುತೇಕ ಬಗೆಗಳಲ್ಲಿ ದೋಷ ತಂದೆ ತಾಯಿ ಇಬ್ಬರಿಂದಲೂ ಸಮವಾಗಿ ಬರುತ್ತದೆ. ಒಬ್ಬರ ತಪ್ಪು ಎಂಬುದೇ ಅಲ್ಲಿಲ್ಲ. ವಾಹಕಳು ರೋಗಿಯಲ್ಲ, ವಾಹಕನಲ್ಲದವನನ್ನು ಮದುವೆಯಾದರೆ ಅವಳ ಮಕ್ಕಳಿಗೆ ಆ ಕಾಯಿಲೆ ಬರುವುದಿಲ್ಲ. ಗೊತ್ತಿಲ್ಲದೆ ಅದೇ ಬಳ್ಳಿಯೊಳಗೆ ಮತ್ತೆ ಕೊಡುವುದರಲ್ಲಿ ಅಪಾಯ ಇರುವುದು. ಕೆಲವು ಬಗೆಗಳಲ್ಲಿ, ಉದಾಹರಣೆಗೆ ಬಿಆರ್‌ಸಿಎ2 ವಂಶವಾಹಿಯ ದೋಷದಲ್ಲಿ, ವಾಹಕ ತಾಯಿಗೇ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚು. ಮಗುವಿನ ಪರೀಕ್ಷೆ ತಾಯಿಯ ಜೀವವನ್ನೂ ಉಳಿಸಬಹುದು. ಇದನ್ನೆಲ್ಲ ವರದಿಯ ಜೊತೆಗೆ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಮುಗಿಯುವುದಿಲ್ಲ. ಬಾಗಿಲು ಹಾಕಿಕೊಂಡು, ಗುಟ್ಟು ಕಾಪಾಡುವ ಭರವಸೆ ಕೊಟ್ಟು, ಅವರ ಭಾಷೆಯಲ್ಲಿ ಹೇಳಬೇಕು. ಪುಣೆಯಲ್ಲಿ ಆ ಭಾಷೆ ಮರಾಠಿ ಮಾತ್ರವಲ್ಲ, ಕನ್ನಡವೂ ಹೌದು.

ಕಸಿ ಮುಗಿದ ಮೇಲೂ ಹೆಸರಿನ ಕೆಲಸ ಮುಗಿಯುವುದಿಲ್ಲ. ಕಸಿ ರಕ್ತವನ್ನು ಸರಿಮಾಡುತ್ತದೆ, ಉಳಿದ ದೇಹವನ್ನಲ್ಲ. ಫ್ಯಾಂಕೋನಿ ಇರುವವರಿಗೆ ಬಾಯಿ, ಗಂಟಲಿನ ಕ್ಯಾನ್ಸರ್ ಸಣ್ಣ ವಯಸ್ಸಿನಲ್ಲೇ ಬರುವ ಅಪಾಯ ಜೀವನಪೂರ್ತಿ ಇರುತ್ತದೆ. ಗುಟ್ಕಾ, ತಂಬಾಕು, ಮದ್ಯಗಳಿಂದ ದೂರವಿರಬೇಕು, ಬಾಯಿಯ ತಪಾಸಣೆ ತಪ್ಪಿಸಬಾರದು. ಎಚ್‌ಪಿವಿ ಲಸಿಕೆಯನ್ನು ಹುಡುಗ ಹುಡುಗಿಯರಿಬ್ಬರಿಗೂ ಹಾಕಿಸಲು ತಜ್ಞರ ಸಲಹೆಯಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ, 9ರಿಂದ 26 ವರ್ಷದ ಇಬ್ಬರಿಗೂ ಕೊಡಬಹುದು. ‘ಕಸಿ ಆಯಿತು, ಗುಣವಾಯಿತು’ ಎಂದು ಮನೆಗೆ ಕಳಿಸಿದ, ಕಾಯಿಲೆಯ ಹೆಸರೇ ತಿಳಿಯದ ಹುಡುಗನಿಗೆ ಈ ಎಚ್ಚರಿಕೆ ಹೇಳುವವರು ಯಾರು?

ಬೇಕಾದದ್ದು ಹೊಸ ಆಸ್ಪತ್ರೆಯಲ್ಲ. ಕಾರಣ ತಿಳಿಯದೆ ಮಜ್ಜೆ ಸೋಲುತ್ತಿರುವ ಪ್ರತಿ ಮಗುವಿಗೂ ಎಟಿಜಿಗೆ, ಕಸಿಗೆ ಮೊದಲೇ ವರ್ಣತಂತು ಪರೀಕ್ಷೆ ಆಗಲೇಬೇಕೆಂಬ ನಿಯಮ. ಅಗತ್ಯವಿದ್ದಲ್ಲಿ ವಂಶವಾಹಿ ಪರೀಕ್ಷೆ. ದಾನಿಯಾಗುವ ಒಡಹುಟ್ಟಿದವರಿಗೂ ಅದೇ. ಈ ಪರೀಕ್ಷೆಗಳ ಮತ್ತು ಮುಂಬೈ, ಬೆಂಗಳೂರಿಗೆ ಹೋಗಿಬರುವ ಖರ್ಚನ್ನು ಆರೋಗ್ಯ ಯೋಜನೆಗಳು ಭರಿಸಬೇಕು. ಪುಣೆಯಂಥ ಊರಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲ ಆಪ್ತ ಸಲಹೆಗಾರರಿರಬೇಕು. ಪುಣೆಯ ಕನ್ನಡ ಸಂಘಟನೆಗಳು ಇದರಲ್ಲಿ ಕೈಜೋಡಿಸಬಹುದು. ಹಣ ಸಂಗ್ರಹಿಸಿಕೊಡುವಷ್ಟೇ ದೊಡ್ಡ ಸೇವೆ, ಊರಿಂದ ಬಂದ ತಂದೆ ತಾಯಿಯ ಪಕ್ಕ ಕೂತು ವೈದ್ಯರ ಮಾತನ್ನು ತಿಳಿಸಿಹೇಳುವುದು.

ದಾನ ಕೊಡುವವರೂ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಮುಂದಿನ ಸಲ ಅಂಥ ಸಂದೇಶ ಬಂದಾಗ ಹಣ ಕಳಿಸಿ, ಜೊತೆಗೆ ಎರಡು ಪ್ರಶ್ನೆ ಕೇಳಿ: ಇದು ಹುಟ್ಟಿನ ಕಾಯಿಲೆಯೇ ಎಂದು ಪರೀಕ್ಷೆ ಮಾಡಿಸಿದ್ದಾರೆಯೇ? ಮಜ್ಜೆ ಕೊಡುವ ಅಣ್ಣ ತಂಗಿಗೂ ಮಾಡಿಸಿದ್ದಾರೆಯೇ? ಇಲ್ಲ ಎಂಬ ಉತ್ತರ ಬಂದರೆ, ಆ ಮಗುವಿಗೆ ಮೊದಲು ತಲುಪಬೇಕಾದ ನೆರವು ಆ ಪರೀಕ್ಷೆಯೇ.